ವಿಯೆನ್ನಾನಾ, ನೇಪಲ್ಸಾ? ಕಾಫಿ ಕೂತು ಕುಡಿಯುವ ಊರು, ನಿಂತು ಕುಡಿಯುವ ಊರು

ಯುರೋಪಿನಲ್ಲಿ ಹತ್ತು ಊರು ಓಡಾಡೋದು ಬೇಡ, ಒಂದೇ ಊರು ಹಿಡಿದು ನಾಲ್ಕೈದು ದಿನ ಸುಮ್ನೆ ಇರಬೇಕು, ಯಾವುದಕ್ಕೆ ಹೋಗಲಿ ಅಂತ ಯಾರಾದರೂ ಕೇಳಿದರೆ ನಾನು ಬಜೆಟ್ ಎಷ್ಟು ಅಂತ ಕೇಳುವುದಿಲ್ಲ. ಕಾಫಿ ಕೂತು ಕುಡೀತೀರೋ, ನಿಂತು ಕುಡೀತೀರೋ ಅಂತ ಕೇಳುತ್ತೇನೆ.

ಕೂತು ಅಂದರೆ ಆಸ್ಟ್ರಿಯಾದ ವಿಯೆನ್ನಾ. ನಿಂತು ಅಂದರೆ ಇಟಲಿಯ ನೇಪಲ್ಸ್.

ಎರಡನ್ನೂ ಎರಡೆರಡು ಸಲ ನೋಡಿದ್ದೇನೆ. ಒಮ್ಮೆ ಗೆಳೆಯರ ಜೊತೆ, ಒಮ್ಮೆ ಅಪ್ಪ ಅಮ್ಮನ ಜೊತೆ. ಗೆಳೆಯರಿದ್ದಾಗ ವಿಯೆನ್ನಾ ಸ್ವಲ್ಪ ಬೋರು ಹೊಡೆಸಿತ್ತು, ನೇಪಲ್ಸ್ ಬಿಟ್ಟು ಬರಲು ಮನಸ್ಸಿರಲಿಲ್ಲ. ಅಪ್ಪ ಅಮ್ಮ ಇದ್ದಾಗ ಪೂರ್ತಿ ತಿರುಗಾಮುರುಗಾ. ಹಾಗಾಗಿ ಯಾವ ಊರು ಚೆನ್ನ ಅನ್ನುವುದಕ್ಕಿಂತ ನಿಮ್ಮ ಜೊತೆ ಯಾರು ಬರುತ್ತಿದ್ದಾರೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ.

ಮೊದಲು ಕಾಫಿ

ವಿಯೆನ್ನಾದ ಹಳೇ ಕಾಫಿಹೌಸ್‌ಗೆ ಹೋದರೆ ಖಾಲಿ ಮೇಜು ನೋಡಿ ನೀವೇ ಕೂರಬೇಕು. ಕಪ್ಪು ಕೋಟಿನ ಮಾಣಿ ಬರುತ್ತಾನೆ, ಆದರೆ ಅವನಿಗೆ ಯಾವಾಗ ಅನ್ನಿಸುತ್ತದೋ ಆವಾಗ. ನಾವು ಕೈ ಎತ್ತಿ ಕರೆದರೆ ಇನ್ನೂ ತಡ. 'ಮೆಲಾಂಜ್' ಅಂತ ಹೇಳಿ. ಕಾಫಿಗೆ ಬಿಸಿ ಹಾಲು, ಮೇಲೆ ನೊರೆ, ನಮ್ಮ ನಾಲಿಗೆಗೆ ಹತ್ತಿರ ಬರುವುದು ಇದೇ. ಬೆಳ್ಳಿ ಬಣ್ಣದ ಪುಟ್ಟ ತಟ್ಟೆಯಲ್ಲಿ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು, ಆ ಲೋಟದ ಬಾಯಿಗೆ ಅಡ್ಡ ಇಟ್ಟ ಚಮಚ. ಐದಾರು ಯೂರೋ ಆಗುತ್ತದೆ. ಅಮ್ಮ ರೂಪಾಯಿಗೆ ಲೆಕ್ಕ ಹಾಕಿ ಮುಖ ಕಿವುಚಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕುರ್ಚಿಯ ಬಾಡಿಗೆ ಅಂದುಕೊಂಡರೆ ಸಮಾಧಾನ. ಎರಡು ಗಂಟೆ ಕೂತರೂ ಯಾರೂ ಬಿಲ್ ತಂದು ಕುಕ್ಕುವುದಿಲ್ಲ. ಈ ಕೂರುವ ಪದ್ಧತಿಯನ್ನೇ ಆಸ್ಟ್ರಿಯಾ 2011ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿದೆ.

ಎಲ್ಲರೂ ಹೋಗುವುದು 1876ರ ಕಾಫೆ ಸೆಂಟ್ರಲ್‌ಗೆ. ಹೊರಗೆ ಕ್ಯೂ ಇರುತ್ತದೆ. ಕಾಫಿ ಕುಡಿಯಲು ಕ್ಯೂ ನಿಲ್ಲುವುದಾದರೆ ವಿಯೆನ್ನಾಕ್ಕೆ ಯಾಕೆ ಹೋಗಬೇಕು ಹೇಳಿ. 1880ರಿಂದ ಇರುವ ಕಾಫೆ ಸ್ಪೆರ್ಲ್‌ಗೆ ಹೋಗಿ. ಬಿಲಿಯರ್ಡ್ಸ್ ಮೇಜುಗಳ ಪಕ್ಕ, ಮಾಸಿದ ಸೋಫಾದಲ್ಲಿ ಜಾಗ ಸಿಗುತ್ತದೆ. ಅಲ್ಲಿ ಮರದ ಕೋಲಿಗೆ ಸಿಕ್ಕಿಸಿದ ಪತ್ರಿಕೆಗಳನ್ನು ಇಟ್ಟಿರುತ್ತಾರೆ. ಅಪ್ಪ ಒಂದನ್ನು ಎತ್ತಿಕೊಂಡು, ಒಂದಕ್ಷರ ಜರ್ಮನ್ ಬಾರದಿದ್ದರೂ, ಒಂದು ಗಂಟೆ ಪುಟ ತಿರುವಿದರು. ಮನೆಯಲ್ಲಿ ಬೆಳಿಗ್ಗೆ ಮಾಡುವುದೂ ಅದನ್ನೇ. ರಜೆಗೆ ಬಂದ ಮೇಲೆ ಅವರು ಮೊದಲ ಸಲ ನಿರಾಳವಾಗಿ ಕಂಡದ್ದು ಅವತ್ತೇ.

ನೇಪಲ್ಸಿನಲ್ಲಿ ಬಾರ್ ಅಂದರೆ ಕಾಫಿ ಅಂಗಡಿ. ಅಮ್ಮನಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ಪದ್ಧತಿ ಅಪ್ಪಟ ದರ್ಶಿನಿ. ಬಹಳಷ್ಟು ಕಡೆ ಮೊದಲು ಕ್ಯಾಷ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಗೊಳ್ಳಬೇಕು, ಆ ಚೀಟಿಯನ್ನು ಕಾಫಿ ಮಾಡುವವನ ಮುಂದೆ ಇಡಬೇಕು. ಅವನು ಮೊದಲು ಒಂದು ಪುಟ್ಟ ಲೋಟ ನೀರು ಕೊಡುತ್ತಾನೆ. ಅದನ್ನು ಕಾಫಿಗೆ ಮುಂಚೆಯೇ ಕುಡಿಯಬೇಕು, ಬಾಯಿ ಸ್ವಚ್ಛವಾಗಲಿ ಅಂತ. ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟಿದ್ದ ಕಪ್ಪನ್ನು ಇಕ್ಕಳದಲ್ಲಿ ಎತ್ತಿ, ಅದಕ್ಕೆ ಎರಡು ಗುಟುಕು ಕಾಫಿ ಇಳಿಸುತ್ತಾನೆ. ಕಪ್ಪಿನ ಅಂಚು ತುಟಿ ಸುಡುತ್ತದೆ. ಎರಡು ನಿಮಿಷ, ಮುಗೀತು, ಹೊರಗೆ. ಒಂದೂವರೆ ಯೂರೋ ಆಸುಪಾಸು. ಕೆಲವರು ಎರಡಕ್ಕೆ ದುಡ್ಡು ಕೊಟ್ಟು ಒಂದೇ ಕುಡಿದು ಹೋಗುತ್ತಾರೆ. ಇನ್ನೊಂದು, ದುಡ್ಡಿಲ್ಲದೆ ಬರುವ ಯಾರಿಗೋ. 'ಕಾಫೆ ಸೊಸ್ಪೇಸೊ' ಅಂತಾರೆ, ತೂಗುಹಾಕಿಟ್ಟ ಕಾಫಿ.

"ಇದಕ್ಕೆ ವಿಮಾನ ಹತ್ತಿ ಬರಬೇಕಿತ್ತಾ, ಗಾಂಧಿಬಜಾರ್‌ನಲ್ಲೇ ನಿಂತುಕೊಂಡು ಕುಡೀಬಹುದಿತ್ತು" ಅಂದರು ಅಮ್ಮ. ನನಗೆ ನೇಪಲ್ಸ್ ಇಷ್ಟವಾಗಲು ಕಾರಣವೇ ಅದು.

ಕಾಲು, ಮಂಡಿ ಮತ್ತು ರಸ್ತೆ

ಕಾಫಿಯಲ್ಲಿ ಕಂಡದ್ದೇ ಊರಿನ ಉದ್ದಗಲಕ್ಕೂ ಕಾಣುತ್ತದೆ. ವಿಯೆನ್ನಾದಲ್ಲಿ ಹಳೇ ಕೋಟೆ ಗೋಡೆ ಕೆಡವಿ, ಆ ಜಾಗದಲ್ಲಿ ರಿಂಗ್‌ಸ್ಟ್ರಾಸೆ ಅನ್ನುವ ಅಗಲ ರಸ್ತೆ ಮಾಡಿ 1865ರಲ್ಲಿ ಉದ್ಘಾಟಿಸಿದರು. ಒಪೆರಾ, ಸಂಸತ್ತು, ದೊಡ್ಡ ಮ್ಯೂಸಿಯಂಗಳು ಎಲ್ಲ ಅದರ ಮೇಲೆಯೇ. ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತರೆ ಅರ್ಧ ಊರು ತಾನಾಗಿ ಎದುರಿಗೆ ಬರುತ್ತದೆ. ಮೆಟ್ರೋದಲ್ಲಿ ಲಿಫ್ಟ್ ಇದೆ. ಉದ್ಯಾನಗಳಲ್ಲಿ ಬೆಂಚಿಗೆ ಬರವಿಲ್ಲ. ನಲ್ಲಿ ನೀರು 1873ರಿಂದ ಆಲ್ಪ್ಸ್ ಬೆಟ್ಟದ ಒರತೆಗಳಿಂದ ಕೊಳವೆಯಲ್ಲಿ ಇಳಿದು ಬರುತ್ತಿದೆ. ಬಾಟಲಿ ಕೊಳ್ಳಬೇಡಿ. ಮಂಡಿ ನೋವಿನ ಅಪ್ಪ ಆರು ದಿನದಲ್ಲಿ ಒಂದು ಸಲವೂ ಗೊಣಗಲಿಲ್ಲ.

ಒಂದೇ ಎಚ್ಚರಿಕೆ. ಮೆಟ್ರೋಗೆ ಗೇಟು ಇಲ್ಲ, ಯಾರೂ ತಡೆಯುವುದಿಲ್ಲ. ಹಾಗಂತ ಕಾಗದದ ಟಿಕೆಟ್ ಕೊಂಡು ಜೇಬಲ್ಲಿಟ್ಟುಕೊಂಡರೆ ಆಗದು, ನೀಲಿ ಡಬ್ಬಿಗೆ ತೂರಿಸಿ ಮುದ್ರೆ ಹಾಕಿಸಬೇಕು. ಮರೆತರೆ ದಂಡ ನೂರು ಯೂರೋಗಿಂತ ಜಾಸ್ತಿ. ಗೊತ್ತಿರಲಿಲ್ಲ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ನೇಪಲ್ಸ್ ಬೇರೆಯದೇ ಕಥೆ. ಸಮುದ್ರದಿಂದ ಶುರುವಾದ ಊರು ನೇರ ಗುಡ್ಡ ಹತ್ತಿಬಿಡುತ್ತದೆ. ಹತ್ತಲು ಹಗ್ಗದ ರೈಲಿನ ನಾಲ್ಕು ದಾರಿಗಳಿವೆ, ಅವು ಇಲ್ಲದ ಕಡೆ ಮೆಟ್ಟಿಲು. ಹಳೇ ಪೇಟೆಯನ್ನು ಚಾಕುವಿನಲ್ಲಿ ಸೀಳಿದ ಹಾಗೆ ಒಂದು ನೇರ ಗಲ್ಲಿ ಹೋಗುತ್ತದೆ, ಹೆಸರೇ ಸ್ಪಾಕ್ಕಾನಾಪೊಲಿ, ನೇಪಲ್ಸನ್ನು ಸೀಳುವುದು ಅಂತ. ನೆಲಕ್ಕೆ ಕಪ್ಪು ಲಾವಾ ಕಲ್ಲು. ಮಳೆ ಬಂದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ಇಬ್ಬರು ಅಕ್ಕಪಕ್ಕ ನಡೆಯಲು ಜಾಗವಿಲ್ಲದ ಕಡೆ ಸ್ಕೂಟರಿನಲ್ಲಿ ಮೂವರು ಬರುತ್ತಾರೆ. ಮೇಲೆ ಬಟ್ಟೆ ಒಣಗುತ್ತಿರುತ್ತದೆ. ಮೂರನೇ ಮಹಡಿಯಿಂದ ಅಜ್ಜಿಯೊಬ್ಬರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಕೆಳಗಿನ ಅಂಗಡಿಯವನ ಜೊತೆ ಜಗಳದಂಥ ದನಿಯಲ್ಲಿ ಮಾತಾಡಿ, ಬ್ರೆಡ್ಡು ಮೇಲೆಳೆದುಕೊಂಡಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಜಗಳ ಅಲ್ಲವಂತೆ, ಕುಶಲ ವಿಚಾರಿಸುತ್ತಿದ್ದರಂತೆ.

ರಸ್ತೆ ದಾಟುವ ವಿಷಯದಲ್ಲಿ ಮಾತ್ರ ನಮಗೆ ಅಲ್ಲಿ ಬೇರೆ ಯುರೋಪಿನವರಿಗಿಂತ ಅನುಕೂಲ ಜಾಸ್ತಿ. ಜರ್ಮನ್ ಪ್ರವಾಸಿಗಳು ಜೀಬ್ರಾ ಪಟ್ಟೆಯ ಮುಂದೆ ಹತ್ತು ನಿಮಿಷ ನಿಂತಿರುತ್ತಾರೆ. ಮೆಜೆಸ್ಟಿಕ್ ದಾಟಿದ ಅನುಭವ ಇದ್ದವರು ಒಂದು ಕೈ ಮುಂದೆ ಚಾಚಿ, ಓಡದೆ, ನಿಲ್ಲದೆ, ಒಂದೇ ವೇಗದಲ್ಲಿ ನಡೆದುಬಿಡುತ್ತಾರೆ.

ಟ್ಯಾಕ್ಸಿಯಲ್ಲಿ ಮಾತ್ರ ನಾನು ಪೆಟ್ಟು ತಿಂದೆ. ನಿಲ್ದಾಣದಿಂದ ಹೋಟೆಲಿಗೆ ಹತ್ತಿದವನು ದರ ಕೇಳಲೇ ಇಲ್ಲ, ಇಳಿಯುವಾಗ ದುಪ್ಪಟ್ಟು ಕೊಟ್ಟೆ. ಆಮೇಲೆ ಗೊತ್ತಾಯಿತು, ಮುಖ್ಯ ದಾರಿಗಳಿಗೆ ನಗರಸಭೆ ಗೊತ್ತು ಮಾಡಿದ ದರ ಇದೆ, ಆದರೆ ಗಾಡಿ ಹೊರಡುವ ಮುಂಚೆಯೇ ಕೇಳಿದರೆ ಮಾತ್ರ ಅದು ಸಿಗುತ್ತದೆ. 'ತಾರಿಫ್ಫಾ ಪ್ರೆದೆತೆರ್ಮಿನಾತಾ' ಅನ್ನುವ ಎರಡು ಪದ ಬಾಯಿಪಾಠ ಮಾಡಿಕೊಂಡು ಹೋಗಿ. ಜೇಬುಗಳ್ಳರ ಬಗ್ಗೆ ಹೇಳುವುದೇ ಬೇಡ. ಪಾಂಪೇಗೆ ಹೋಗುವ ಲೋಕಲ್ ರೈಲಿನಲ್ಲಿ ಬ್ಯಾಗು ಎದೆ ಮುಂದಿರಲಿ. ನಮ್ಮ ಬಸ್ಸಿನ ಅಭ್ಯಾಸ ಸಾಕು.

ನೋಡುವುದು ಏನು

ಪಟ್ಟಿ ಎಲ್ಲ ಕಡೆ ಸಿಗುತ್ತದೆ. ನನಗೆ ಅನ್ನಿಸಿದ್ದಷ್ಟೇ ಹೇಳುತ್ತೇನೆ.

ವಿಯೆನ್ನಾದಲ್ಲಿ ಒಂದೇ ಮ್ಯೂಸಿಯಂಗೆ ಸಮಯ ಇದ್ದರೆ 1891ರಲ್ಲಿ ತೆರೆದ ಕುನ್ಸ್ಟ್‌ಹಿಸ್ಟೋರಿಶೆಸ್. ಅದರಲ್ಲಿ ಬ್ರೂಗೆಲ್ ಚಿತ್ರಗಳ ಕೋಣೆ. 16ನೇ ಶತಮಾನದ ಈ ಕಲಾವಿದನ ಒಂದು ಡಜನ್ ಚಿತ್ರ ಒಟ್ಟಿಗೆ ಇರುವುದು ಲೋಕದಲ್ಲಿ ಇಲ್ಲಿ ಮಾತ್ರ. ಕೋಣೆಯ ನಡುವೆ ಸೋಫಾ ಹಾಕಿದ್ದಾರೆ, ನೋಡಿ ಮತ್ತೆ ಕೂರುವುದೇ. ಹಿಮದಲ್ಲಿ ಬೇಟೆಯಿಂದ ಹೆಚ್ಚುಕಡಿಮೆ ಬರಿಗೈಲಿ ವಾಪಸಾಗುವ ಮನುಷ್ಯರ 1565ರ ಚಿತ್ರದ ಮುಂದೆ ಅಮ್ಮ ಬಹಳ ಹೊತ್ತು ಕೂತು, "ನಾಯಿಗಳಿಗೂ ಸುಸ್ತಾಗಿದೆ ನೋಡು" ಅಂದರು. ನಾನು ಎರಡು ಸಲ ನೋಡಿದ್ದರೂ ನಾಯಿಗಳನ್ನು ಗಮನಿಸಿರಲಿಲ್ಲ.

ಶೋನ್‌ಬ್ರುನ್ ಅರಮನೆಗೆ 1,441 ಕೋಣೆ. ನಿಮಗೆ ತೋರಿಸುವುದು ಸ್ವಲ್ಪವೇ, ಪುಣ್ಯಕ್ಕೆ. ಟಿಕೆಟ್ ಕೊಳ್ಳುವಾಗ ದೊಡ್ಡ ಸುತ್ತಿನದನ್ನೇ ಕೊಳ್ಳಿ, ಯಾಕೆಂದರೆ 'ಮಿಲಿಯೋನೆನ್‌ಸಿಮ್ಮರ್' ಅನ್ನುವ ಕೋಣೆ ಅದರಲ್ಲಿ ಬರುತ್ತದೆ. ಬೀಟೆ ಮರದ ಗೋಡೆಗೆ ಚಿನ್ನದ ಕಟ್ಟು, ಕಟ್ಟಿನೊಳಗೆ ನಮ್ಮ ಮೊಘಲ್ ಕಾಲದ ಕಿರುಚಿತ್ರಗಳು. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ, ಕಟ್ಟಿನ ಆಕಾರಕ್ಕೆ ಸರಿಹೊಂದಲಿ ಅಂತ ಚಿತ್ರಗಳನ್ನು ಕತ್ತರಿಸಿ, ಬೇರೆ ಬೇರೆ ಚಿತ್ರದ ತುಂಡುಗಳನ್ನು ಸೇರಿಸಿ ಅಂಟಿಸಿದ್ದಾರೆ. ರಾಜಮನೆತನದವರು ಕೂತು ಮಾಡಿದ ಕೆಲಸವಂತೆ. ಚೆಂದ ಕಾಣುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಇಷ್ಟೆಲ್ಲ ಕೂರುವ ಊರಿನಲ್ಲಿ ನಿಂತೇ ನೋಡಬೇಕಾದ್ದು ಒಪೆರಾ. ಸರ್ಕಾರಿ ಒಪೆರಾ ಮನೆಯಲ್ಲಿ ನಿಂತು ನೋಡುವ ಟಿಕೆಟ್ ಇಪ್ಪತ್ತು ಯೂರೋದೊಳಗೆ ಸಿಗುತ್ತದೆ. ಒಳಗೆ ಹೋಗಿ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿದರೆ ಆ ಜಾಗ ನಿಮ್ಮದು. ಬಸ್ಸಿನ ಕಿಟಕಿಯಿಂದ ಕರ್ಚೀಫು ಹಾಕುವ ನಮ್ಮ ಪದ್ಧತಿ ಅಲ್ಲಿ ಗೌರವಾನ್ವಿತ ಸಂಪ್ರದಾಯ! ಜುಲೈ, ಆಗಸ್ಟ್‌ನಲ್ಲಿ ಒಪೆರಾಗೆ ರಜೆ ಅನ್ನುವುದು ನೆನಪಿರಲಿ.

ನೇಪಲ್ಸಿನ ಪುರಾತತ್ವ ಮ್ಯೂಸಿಯಂಗೆ ಮಂಗಳವಾರ ರಜೆ, ಉಳಿದ ದಿನ ಅರ್ಧ ದಿನ ಕೊಡಿ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಪಾಂಪೇ ಊರನ್ನು ಹೂತುಹಾಕಿತಲ್ಲ, ಅಲ್ಲಿ ಅಗೆದು ತೆಗೆದ ಒಳ್ಳೊಳ್ಳೆಯ ಸಾಮಾನೆಲ್ಲ ಇರುವುದು ಇಲ್ಲಿ. ಅದರಲ್ಲಿ ಗೇಣುದ್ದದ ಒಂದು ದಂತದ ಗೊಂಬೆ ಇದೆ. ಕಾಲ್ಗಡಗ, ಸೊಂಟಪಟ್ಟಿ, ಕೈತುಂಬ ಬಳೆ. 1938ರಲ್ಲಿ ಪಾಂಪೇಯ ಒಂದು ಮನೆಯಲ್ಲಿ ಸಿಕ್ಕಿತು, ಮಾಡಿದ್ದು ಭಾರತದಲ್ಲಿ. 'ಪಾಂಪೇಯ ಲಕ್ಷ್ಮಿ' ಅಂತ ಹೆಸರು ಬಿತ್ತು, ಈಗ ಯಕ್ಷಿ ಇರಬೇಕು ಅನ್ನುವವರೇ ಜಾಸ್ತಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕ ಕಥೆ ಸ್ಕೂಲಿನಲ್ಲಿ ಓದಿದ್ದೆ. ರೋಮಿನಿಂದ ನಮ್ಮಲ್ಲಿಗೆ ನಾಣ್ಯ ಬಂತು, ನಮ್ಮಲ್ಲಿಂದ ಅಲ್ಲಿಗೆ ಏನು ಹೋಯಿತು ಅಂತ ಯಾವತ್ತೂ ಕೇಳಿರಲಿಲ್ಲ. ಉತ್ತರ ಗಾಜಿನ ಹಿಂದೆ ನಿಂತಿತ್ತು.

ಪಾಂಪೇಗೆ ಹೋಗುವವರು ಟಿಕೆಟ್ ಮುಂಚೆಯೇ ತಗೊಳ್ಳಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನಕ್ಕಷ್ಟೇ ಪ್ರವೇಶ, ಟಿಕೆಟ್ ಮೇಲೆ ಹೆಸರೂ ಇರುತ್ತದೆ. ನೆರಳಿಲ್ಲ, ಕಲ್ಲಿನ ರಸ್ತೆ ಎತ್ತರ ತಗ್ಗು. ಹಿರಿಯರಿದ್ದರೆ ಪಾಂಪೇ ಬಿಟ್ಟು ಹೆರ್ಕ್ಯುಲೇನಿಯಮ್‌ಗೆ ಹೋಗಿ ಅನ್ನುತ್ತೇನೆ. ಅದೇ ಜ್ವಾಲಾಮುಖಿ, ಅದೇ ರೈಲು, ಆದರೆ ಊರು ಚಿಕ್ಕದು, ಮನೆಗಳು ಮಹಡಿ ಸಮೇತ ಉಳಿದಿವೆ. ಸನ್ಸೆವೆರೊ ಪ್ರಾರ್ಥನಾ ಮಂದಿರದ 1753ರ ಅಮೃತಶಿಲೆಯ ಕ್ರಿಸ್ತನನ್ನು ಮಾತ್ರ ಬಿಡಬೇಡಿ. ಮಲಗಿದ ದೇಹದ ಮೇಲೆ ತೆಳು ಬಟ್ಟೆ ಹೊದಿಸಿದ ಹಾಗಿದೆ. ಬಟ್ಟೆಯೂ ಕಲ್ಲೇ.

ಮಕ್ಕಳಿಗೆ ಇವು ಯಾವುದೂ ಬೇಡ. ಹತ್ತನೇ ಕ್ಲಾಸಿನ ಹುಡುಗರಿದ್ದರೆ ಸ್ಪ್ಯಾನಿಷ್ ಕ್ವಾರ್ಟರ್ಸ್ ಗಲ್ಲಿಗಳಲ್ಲಿ ಫುಟ್‌ಬಾಲ್ ಆಟಗಾರ ಮರಡೋನಾನ ಗೋಡೆಚಿತ್ರದ ಹತ್ತಿರ ಕರೆದುಕೊಂಡು ಹೋಗಿ. ಅವನು ಈ ಊರಿಗೆ ಆಡಿದ್ದು 1984ರಿಂದ 1991ರವರೆಗೆ, ಗೆಲ್ಲಿಸಿಕೊಟ್ಟ ಲೀಗ್ ಎರಡು, 1987 ಮತ್ತು 1990. ಅಷ್ಟಕ್ಕೇ ದೇವರಾಗಿದ್ದಾನೆ. ಹಳೇ ಪೇಟೆಯ ಒಂದು ಕಾಫಿ ಬಾರಿನಲ್ಲಿ ಅವನ ಒಂದು ಕೂದಲೆಳೆಯನ್ನು ದೇವರ ಗೂಡಿನಂಥ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಸಾನ್ ಗ್ರೆಗೋರಿಯೊ ಅರ್ಮೇನೊ ಬೀದಿ ಅಮ್ಮಂದಿರಿಗೆ. ಕ್ರಿಸ್ತ ಹುಟ್ಟಿದ ದೃಶ್ಯಕ್ಕೆ ಗೊಂಬೆ ಜೋಡಿಸುವ ಅಂಗಡಿಗಳು ವರ್ಷವಿಡೀ ತೆರೆದಿರುತ್ತವೆ. ದೇವರ ಗೊಂಬೆ ಒಂದು ಕಡೆ, ಮೀನು ಮಾರುವವನು, ಪಿಜ್ಜಾ ಬೇಯಿಸುವವನು, ಮೊನ್ನೆ ಗೆದ್ದ ರಾಜಕಾರಣಿ ಇನ್ನೊಂದು ಕಡೆ. ದಸರಾ ಗೊಂಬೆ ಕೂರಿಸುವವರಿಗೆ ಶೆಟ್ಟರ ಅಂಗಡಿಯ ಗೊಂಬೆ ನೆನಪಾಗದೇ ಇರದು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇಲ್ಲಿ ನೇಪಲ್ಸ್ ಎದುರಿಗೆ ವಿಯೆನ್ನಾ ನಿಲ್ಲುವುದೇ ಇಲ್ಲ. ಮಾರ್ಗೆರೀಟಾ ಪಿಜ್ಜಾ ಹುಟ್ಟಿದ್ದು 1889ರಲ್ಲಿ, ಇಲ್ಲೇ, ಅನ್ನುವುದು ಊರಿನವರ ಮಾತು. ಅದಕ್ಕಿಂತ ಹಳೆಯದು ಮರಿನಾರಾ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೇ. ಚೀಸೇ ಇಲ್ಲ. ಪ್ರಾಣಿಯ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ಹೆಪ್ಪು) ಹಾಕಿದ ಚೀಸ್ ತಿನ್ನದವರೂ ನೆಮ್ಮದಿಯಾಗಿ ತಿನ್ನಬಹುದು. ಚಿಕ್ಕ ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಪರ್ಸ್ ಮಡಚಿದ ಹಾಗೆ. ಅದನ್ನೂ ನಿಂತೇ ತಿನ್ನಬೇಕು. ಬದನೆಕಾಯಿಯ ಪಾರ್ಮಿಜಾನಾ, ಕಹಿ ಸೊಪ್ಪಿನ ಫ್ರಿಯಾರಿಯೆಲ್ಲಿ ಪಲ್ಯ, ಎರಡೂ ನಮ್ಮ ಬಾಯಿಗೆ ಒಗ್ಗುತ್ತವೆ.

ಮೋಸ ಹೋಗುವ ಜಾಗಗಳೂ ಇವೆ. ಪದರ ಪದರವಾಗಿರುವ ಸ್ಫೋಲ್ಯತೆಲ್ಲಾ ಅನ್ನುವ ಸಿಹಿ ನೋಡಿದರೆ ನಮ್ಮ ಚಿರೋಟಿಯ ನೆಂಟ. ಆದರೆ ಆ ಪದರಗಳಿಗೆ ಹಚ್ಚುವುದು ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು. 'ಸ್ಟ್ರುತ್ತೊ' ಇದೆಯಾ ಅಂತ ಕೇಳಿ. ಕರಿದ ಪಿಜ್ಜಾದ ಹೂರಣದಲ್ಲೂ ಹಂದಿಯ ಚೂರು ಇರಬಹುದು.

ವಿಯೆನ್ನಾದಲ್ಲಿ ಮೋಸ ಇನ್ನೂ ಸೂಕ್ಷ್ಮ. ಆಲೂಗಡ್ಡೆ ಸಲಾಡ್ ಅಂತ ನಂಬಿಕೊಂಡು ಕೂರಬೇಡಿ, ಅಲ್ಲಿನ ಪದ್ಧತಿಯಲ್ಲಿ ಅದಕ್ಕೆ ಗೋಮಾಂಸದ ಸಾರು ಹಾಕುತ್ತಾರೆ. ಸೂಪ್‌ಗಳದ್ದೂ ಅದೇ ಪಾಡು. ಸಿಹಿಯಲ್ಲಿ ಬದುಕಬಹುದು. ಸೇಬಿನ ಸ್ಟ್ರೂಡೆಲ್ ಇದೆ. ಮೊಟ್ಟೆ ತಿನ್ನುವವರಿಗೆ ಕೈಸರ್‌ಶ್ಮಾರ್ನ್ ಇದೆ, ದಪ್ಪ ಸಿಹಿ ದೋಸೆಯನ್ನು ಹರಿದು ಚೂರು ಮಾಡಿ ಮೇಲೆ ಸಕ್ಕರೆ ಪುಡಿ ಉದುರಿಸಿದ್ದು. ಚೆನ್ನಾಗಿ ಬಾರದ ದೋಸೆಯನ್ನು ಚಕ್ರವರ್ತಿಗೆ ಬಡಿಸಿದ್ದು ಅಂತ ಕಥೆ. ಕಾವಲಿಗೆ ಅಂಟಿದ ದೋಸೆ ಕಿತ್ತುಹೋದಾಗ ನಮ್ಮ ಮನೆಯಲ್ಲಿ ಅದು ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಭಾನುವಾರ ಅಂಗಡಿಗಳು, ಸೂಪರ್ ಮಾರ್ಕೆಟ್ ಸಮೇತ, ಮುಚ್ಚಿರುತ್ತವೆ. ಮೊಸರು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.

ಯಾವಾಗ, ಎಷ್ಟು

ಏಪ್ರಿಲ್-ಮೇ ರಜೆಗೆ ಎರಡೂ ಸರಿ. ದಸರಾ ರಜೆಗೆ ನೇಪಲ್ಸ್, ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಪ್ರೊಚಿಡಾ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರಬಹುದು. ಕ್ರಿಸ್‌ಮಸ್ ಹೊತ್ತಿಗೆ ವಿಯೆನ್ನಾ, ಚಳಿ ತಡೆಯುವವರಿಗೆ. ಆಗಸ್ಟ್ 15ರ ಆಸುಪಾಸು ನೇಪಲ್ಸ್ ಬೇಡವೇ ಬೇಡ, ಬಿಸಿಲು ಒಂದು ಕಡೆ, ಊರಿನವರೇ ಅಂಗಡಿ ಮುಚ್ಚಿ ರಜೆಗೆ ಹೋಗಿರುತ್ತಾರೆ. ದಿನದ ಖರ್ಚು ನೇಪಲ್ಸಿನಲ್ಲಿ ಕಡಿಮೆ, ಮುಖ್ಯವಾಗಿ ಊಟದಿಂದ. ನೇಪಲ್ಸಿನ ಪಶ್ಚಿಮಕ್ಕೆ ಕಾಂಪಿ ಫ್ಲೆಗ್ರೆಯಿ ಅನ್ನುವ ಇನ್ನೊಂದು ಜ್ವಾಲಾಮುಖಿ ಪ್ರದೇಶ ಇದೆ, ಈಚಿನ ವರ್ಷಗಳಲ್ಲಿ ಆ ಕಡೆ ಸಣ್ಣಪುಟ್ಟ ನಡುಕ ಆಗುತ್ತಲೇ ಇದೆ. ಭಯ ಜಾಸ್ತಿ ಇರುವವರಿಗೆ ಮೊದಲೇ ತಿಳಿದಿರಲಿ.

ಹೊಸದಾಗಿ ಮದುವೆಯಾದವರು, ಗೆಳೆಯರ ಗುಂಪು, ತಿಂಡಿಪೋತರು, ನಾಳೆ ಏನು ಅಂತ ಗೊತ್ತಿಲ್ಲದಿದ್ದರೆ ಖುಷಿಪಡುವವರು ನೇಪಲ್ಸಿಗೆ ಹೋಗಿ. ಎಪ್ಪತ್ತು ದಾಟಿದವರು, ತಳ್ಳುಗಾಡಿಯ ಮಗು, ವರ್ಷವಿಡೀ ಟ್ರಾಫಿಕ್ಕಿನಲ್ಲಿ ತಲೆ ಕೆಟ್ಟಿರುವವರು ವಿಯೆನ್ನಾಕ್ಕೆ. ನನ್ನೊಬ್ಬನನ್ನೇ ಕೇಳಿದರೆ ನೇಪಲ್ಸ್, ಎರಡನೇ ಯೋಚನೆ ಇಲ್ಲ. ಅಮ್ಮನನ್ನು ಕೇಳಿದರೆ ವಿಯೆನ್ನಾ. ಊಟದ ವಿಷಯ ಬಂದಾಗ ಮಾತ್ರ ಅವರು ಸುಮ್ಮನಾಗುತ್ತಾರೆ.

ಎರಡೂ ಬೇಕು ಅನ್ನುವವರಿಗೆ ದಾರಿ ಇದೆ. ವಿಯೆನ್ನಾದಿಂದ ಸಂಜೆ ಹೊರಡುವ ನೈಟ್‌ಜೆಟ್ ರೈಲು ಮಲಗಿ ಏಳುವಷ್ಟರಲ್ಲಿ ರೋಮ್ ತಲುಪಿಸುತ್ತದೆ. ಅಲ್ಲಿಂದ ವೇಗದ ರೈಲಿನಲ್ಲಿ ನೇಪಲ್ಸಿಗೆ ಒಂದೂಕಾಲು ಗಂಟೆ. ಎರಡಕ್ಕೂ ಒಂದೇ ಷೆಂಗೆನ್ ವೀಸಾ, ದೊಡ್ಡವರಿಗೆ 90 ಯೂರೋ. ಯಾವ ದೇಶದಲ್ಲಿ ರಾತ್ರಿ ಜಾಸ್ತಿಯೋ ಆ ದೇಶಕ್ಕೆ ಅರ್ಜಿ, ಸಮ ಇದ್ದರೆ ಮೊದಲು ಇಳಿಯುವ ದೇಶಕ್ಕೆ. ಮೊದಲು ವಿಯೆನ್ನಾ, ಆಮೇಲೆ ನೇಪಲ್ಸ್ ಇಟ್ಟುಕೊಳ್ಳಿ, ವಿಶ್ರಾಂತಿ ಪಡೆದ ಕಾಲು ಗುಡ್ಡ ಹತ್ತಲು ಬೇಕಾಗುತ್ತದೆ. ನಾವು ಹಾಗೇ ಮಾಡಿದೆವು. ಬೆಳಿಗ್ಗೆ ರೋಮಿನ ನಿಲ್ದಾಣದಲ್ಲಿ ಇಳಿದು ಕಾಫಿ ತಂದುಕೊಟ್ಟರೆ, ಅಪ್ಪ ಕಪ್ಪು ಕೈಯಲ್ಲಿ ಹಿಡಿದುಕೊಂಡು ಆ ಕಡೆ ಈ ಕಡೆ ಕುರ್ಚಿ ಹುಡುಕುತ್ತಾ ನಿಂತಿದ್ದರು. ಸಿಗುವಷ್ಟರಲ್ಲಿ ಕಾಫಿ ಆರಿತ್ತು.